ಉಸಿರಿನ ಬೆಲ್ಟಿಗೊಂದು ಹೊಲಿಗೆ

ಐವತ್ಮೂರು ವರ್ಷ ಯಾರನ್ನೂ ಕೇಳದೆ ಉಸಿರಾಡಿಕೊಂಡು ಬಂದಿದ್ದ ಆಲ್ಟರೇಷನ್ ಅಕ್ಕನಿಗೆ ಈಗ ಉಸಿರಾಡುವುದು ಹೇಗೆಂದು ಹೇಳಿಕೊಡಲು ಆಸ್ಪತ್ರೆಯಲ್ಲಿ ಒಬ್ಬ ಮೇಷ್ಟ್ರಿದ್ದರು. ಅವರು ಫಿಸಿಯೋಥೆರಪಿ ಓದಿದವರು, ಅಕ್ಕನಿಗಿಂತ ಇಪ್ಪತ್ತು ವರ್ಷ ಚಿಕ್ಕವರು, ಮತ್ತು ಅವರ ಬಿಳಿ ಕೋಟಿನ ಎಡತೋಳು ಬಲತೋಳಿಗಿಂತ ಅರ್ಧ ಇಂಚು ಉದ್ದ. ಈ ಮೂರನೆಯ ಸಂಗತಿ ಅಕ್ಕನ ಕಣ್ಣಿಗೆ ಮೊದಲ ದಿನವೇ ಬಿದ್ದುದರಿಂದ, ಅವರ ಓದಿನ ಮೇಲೆ ನಂಬಿಕೆ ಬರಲು ಸ್ವಲ್ಪ ಕಾಲ ಹಿಡಿಯಿತು.

ಅಕ್ಕನದು ಹೊಸ ಬಟ್ಟೆ ಹೊಲಿಯುವ ಅಂಗಡಿಯಲ್ಲ. ಬೀಗದ ಕೈ ಮಾಡುವವನಿಗೂ ಜೆರಾಕ್ಸ್ ಅಂಗಡಿಗೂ ನಡುವೆ, ಇಬ್ಬರು ನಿಂತರೆ ಮೂರನೆಯವರು ಬೀದಿಯಲ್ಲಿ ನಿಲ್ಲಬೇಕಾದಂಥ ಜಾಗದಲ್ಲಿ, ಬೇರೆಯವರು ಹೊಲಿದದ್ದನ್ನು ಸರಿಮಾಡುವುದು ಅವಳ ಕಸುಬು. ಪ್ಯಾಂಟು ಗಿಡ್ಡ ಮಾಡುವುದು, ಸೊಂಟ ಬಿಡಿಸುವುದು, ಮೂರು ವರ್ಷ ಬೀರುವಿನಲ್ಲಿದ್ದ ಕೋಟು ತಾನಾಗಿ ಕುಗ್ಗಿತೆಂದು ವಾದಿಸುವ ಗಂಡಸರಿಗೆ 'ಹೌದು ಸಾರ್, ಕೆಲವು ಬಟ್ಟೆ ಹಾಗೇ' ಎಂದು ಮರ್ಯಾದೆ ಉಳಿಸುವುದು, ಇಷ್ಟೂ ಸೇರಿ ಆಲ್ಟರೇಷನ್. ಕೈಯಾಡಿಸಿದ್ದು ಎಲ್ಲಿ ಎಂದು ಬಟ್ಟೆಯ ಒಡೆಯನಿಗೇ ಗೊತ್ತಾಗಬಾರದು ಎನ್ನುವುದು ಅವಳ ಹಟ. 'ಏನು ಮಾಡಿದ್ರಿ?' ಎಂದು ಯಾರಾದರೂ ಕೇಳಿದರೆ 'ಏನೂ ಮಾಡಿಲ್ಲ, ಫಿಟ್ಟಿಂಗ್ ಸರಿ ಮಾಡಿದೆ' ಎನ್ನುತ್ತಿದ್ದಳು. ಮೂವತ್ತು ವರ್ಷ ಹೇಳಿ ಹೇಳಿ ಈ ಮಾತನ್ನು ಅವಳೇ ನಂಬಿಬಿಟ್ಟಿದ್ದಳು. ಮುಂದಿನ ರಾಮಾಯಣಕ್ಕೆಲ್ಲ ಇದೇ ಕಾರಣ.

ಎರಡು ವರ್ಷದ ಹಿಂದೆ ಅವಳ ರಕ್ತಕ್ಕೆ ಕ್ಯಾನ್ಸರ್ ಬಂತು. ಔಷಧಿಗಳು ಬಂದವು, ಕೂದಲು ಹೋಯಿತು, ಮೈ ಇಳಿದು ತನ್ನ ಬಟ್ಟೆಗಳನ್ನು ತಾನೇ ಮೂರು ಸಲ ಒಳಗೆ ಹಿಡಿದಳು. ಕೊನೆಗೆ ತಂಗಿಯ ಮೂಳೆಮಜ್ಜೆಯ ಕೋಶಗಳನ್ನು ತೆಗೆದು ಅಕ್ಕನಿಗೆ ಹಾಕಿದರು. ಇಷ್ಟು ದೊಡ್ಡ ಸಂಗತಿ ಒಂದು ಸಣ್ಣ ಚೀಲದಿಂದ ತೊಟ್ಟಿಕ್ಕಿಕೊಂಡು ಒಂದು ಮಧ್ಯಾಹ್ನದಲ್ಲಿ ಮುಗಿದುಹೋಯಿತು. ಕೆಲವು ತಿಂಗಳಲ್ಲಿ ಅಕ್ಕನ ರಕ್ತದ ಗುಂಪೇ ಬದಲಾಗಿ ತಂಗಿಯದಾಯಿತು. ಅಕ್ಕ ಕನ್ನಡಿಯ ಮುಂದೆ ನಿಂತು ಮೈಯೆಲ್ಲ ನೋಡಿಕೊಂಡಳು. ಇಂಥ ಆಲ್ಟರೇಷನ್ನಿಗೆ ಒಂದು ಕಡೆಯಾದರೂ ಹೊಲಿಗೆ ಕಾಣಬೇಕಲ್ಲ. ಕಾಣಲಿಲ್ಲ.

ಶಾಲೆಯೊಂದರ ಆಫೀಸಿನಲ್ಲಿ ಗುಮಾಸ್ತೆಯಾಗಿರುವ ತಂಗಿ ಮಾತ್ರ ಈ ವಿಷಯವನ್ನು ಯಾರಿಗೂ ಮರೆಯಲು ಬಿಡಲಿಲ್ಲ. ಅಕ್ಕ ಸಿಡುಕಿದರೆ, 'ನೋಡು, ನನ್ನ ರಕ್ತ ಕುಡ್ಕೊಂಡು ನನ್ನ ಮೇಲೇ ರೇಗ್ತೀಯ.' ಅಕ್ಕ ತಪ್ಪಿಲ್ಲದೆ ಲೆಕ್ಕ ಹೇಳಿದರೆ, 'ಅದು ನನ್ನ ಕಡೆಯಿಂದ ಬಂದದ್ದು.' ಹೀಗೆ ಒಳ್ಳೆಯದೆಲ್ಲ ತಂಗಿಯ ಖಾತೆಗೂ ಕೆಟ್ಟದ್ದೆಲ್ಲ ಅಕ್ಕನ ಹಳೆಯ ಸ್ವಭಾವಕ್ಕೂ ಹೋಗುತ್ತಿತ್ತು.

ರೋಗ ಹೋದಮೇಲೆ ಹುಷಾರಾಗಬೇಕಲ್ಲ, ಅದು ಬೇರೆಯೇ ಕೆಲಸವೆಂದು ಆಮೇಲೆ ಗೊತ್ತಾಯಿತು. ರಿಪೋರ್ಟುಗಳೆಲ್ಲ ಚೆನ್ನಾಗಿದ್ದವು, ಅಕ್ಕ ಮಾತ್ರ ಚೆನ್ನಾಗಿರಲಿಲ್ಲ. ಒಂದು ಬಕೆಟ್ ನೀರೆತ್ತಿದರೆ ಅರ್ಧ ದಿನ ಮಲಗಬೇಕು. ಕುಳಿತಲ್ಲೇ ಎದೆ ಡವಡವ. ಅದಕ್ಕಾಗಿ ದೊಡ್ಡ ಡಾಕ್ಟರು ಹನ್ನೆರಡು ವಾರದ ಒಂದು ತರಗತಿಗೆ ಕಳಿಸಿದರು. ಅದರಲ್ಲಿ ಕೂತಲ್ಲೇ ತುಳಿಯುವ ಸೈಕಲ್ಲು, ರಬ್ಬರ್ ಪಟ್ಟಿ ಎಳೆಯುವುದು, ಮೆಟ್ಟಿಲು ಹತ್ತುವುದು. ಎಲ್ಲಕ್ಕಿಂತ ಮುಖ್ಯವಾಗಿ ಉಸಿರು. ಎಲ್ಲ ಸರಿಹೋದರೆ ಹನ್ನೆರಡು ವಾರದ ಕೊನೆಗೆ ಅಂಗಡಿಯ ಬಾಗಿಲು ತೆಗೆಯಬಹುದು ಎಂದರು. ಅಕ್ಕ ಕೇಳಿಸಿಕೊಂಡದ್ದು ಆ ಕೊನೆಯ ಮಾತೊಂದನ್ನೇ.

ಉಸಿರಿನ ಪಾಠ ಹೀಗಿತ್ತು. ಎದೆಗೆ ಒಂದು ಬೆಲ್ಟು, ಅದರ ಮುಂದೆ ಬೆಂಕಿಪೊಟ್ಟಣದಷ್ಟು ಒಂದು ಡಬ್ಬಿ. ಡಬ್ಬಿಯ ಪಕ್ಕದ ಪಟ್ಟಿ ಉಸಿರಿನ ಜೊತೆ ಹಿಗ್ಗುತ್ತದೆ, ಎಷ್ಟು ಹಿಗ್ಗಿತೆಂದು ಎದುರಿನ ಟ್ಯಾಬ್ಲೆಟ್ಟಿಗೆ ಚಾಡಿ ಹೇಳುತ್ತದೆ. ಕಿವಿಯ ಹಾಲೆಗೆ ಒಂದು ಕ್ಲಿಪ್ಪು, ಅದು ಹೇಳುವುದು ಎದೆಬಡಿತದ ಕಥೆ. ಪರದೆಯ ಮೇಲೆ ಒಂದು ದೋಣಿ. ಉಸಿರು ಎಳೆದುಕೊಂಡರೆ ದೋಣಿ ಅಲೆಯ ಮೇಲೇರಬೇಕು, ಬಿಟ್ಟರೆ ಇಳಿಯಬೇಕು. ಒಳಗೆ ನಾಲ್ಕು ಎಣಿಕೆ, ಹೊರಗೆ ಆರು ಎಣಿಕೆ, ನಿಮಿಷಕ್ಕೆ ಆರೇ ಆರು ಉಸಿರು. ಉಸಿರೂ ಎದೆಬಡಿತವೂ ಒಂದೇ ತಾಳಕ್ಕೆ ಬಂದರೆ ಮೂಲೆಯಲ್ಲಿ ಹಸಿರು ದೀಪ. ಮನಸ್ಸು ಹೇಳಿದರೆ ಗುಂಡಿಗೆ ಕೇಳುವುದಿಲ್ಲ, ಉಸಿರು ಹೇಳಿದರೆ ಕೇಳುತ್ತದೆ, ಆದ್ದರಿಂದ ಉಸಿರಿನ ಮೂಲಕ ಶಿಫಾರಸು ಮಾಡಿಸಬೇಕು ಎಂದು ಮೇಷ್ಟ್ರು ವಿವರಿಸಿದರು. ಶಿಫಾರಸು ಎಂದಾಗ ಅಕ್ಕನಿಗೆ ತಕ್ಷಣ ಅರ್ಥವಾಯಿತು.

ಮೊದಲ ನಾಲ್ಕು ವಾರ ದೋಣಿ ದಿನದಿಂದ ದಿನಕ್ಕೆ ಎತ್ತರಕ್ಕೆ ಹೋಯಿತು. ಸೈಕಲ್ಲು ಐದು ನಿಮಿಷದಿಂದ ಹದಿನಾಲ್ಕಕ್ಕೆ ಬಂತು. ಅಕ್ಕನಿಗೆ ರಾತ್ರಿ ನಿದ್ದೆ, ಬೆಳಿಗ್ಗೆ ಹಸಿವು. ಲಿಫ್ಟು ರಿಪೇರಿ ಕೆಲಸದ ಗಂಡ, ಹೆಂಡತಿ ಮತ್ತೆ ತನ್ನ ಅಂಗಿಯ ಕಾಲರನ್ನು ಟೀಕಿಸತೊಡಗಿದ್ದನ್ನು ಕಂಡು, ಇನ್ನು ಪರವಾಗಿಲ್ಲ ಎಂದುಕೊಂಡ.

ಮನೆಯಲ್ಲೂ ದಿನಕ್ಕೆ ಎರಡು ಸಲ ಮಾಡಲೆಂದು ಮೇಷ್ಟ್ರು ಬೆಲ್ಟನ್ನೂ ಟ್ಯಾಬ್ಲೆಟ್ಟನ್ನೂ ಕೊಟ್ಟು ಕಳಿಸಿದ್ದರು. ಬೆಲ್ಟಿನ ಹೊಲಿಗೆ ನೋಡಿದಾಗಲೆಲ್ಲ ಅಕ್ಕನ ಕೈ ಕತ್ತರಿ ಹುಡುಕುತ್ತಿತ್ತು. ದೊಡ್ಡ ಮೈಯವರ ಅಳತೆಯದು. ಕೊನೆಯ ಕೊಂಡಿಗೆ ಸಿಕ್ಕಿಸಿದರೂ ಜಾರುತ್ತಿತ್ತು. ಅಂಚು ಒರಟು, ಎಡಕಂಕುಳ ಕೆಳಗೆ ಉಜ್ಜಿ ಕೆಂಪಗಾಗುತ್ತಿತ್ತು. ಐದನೆಯ ವಾರದ ಕೊನೆಯಲ್ಲಿ ಒಂದು ಬೆಳಿಗ್ಗೆ, ಗಂಡ ಕೆಲಸಕ್ಕೆ ಹೋದಮೇಲೆ, ಮನೆಯ ಹಳೆಯ ಮೆಷೀನಿನ ಹೊದಿಕೆ ತೆಗೆದಳು. ಬೆಲ್ಟಿನಲ್ಲಿ ಒಂದು ಗೇಣು ಗಡುಸು ಪಟ್ಟಿ ಕತ್ತರಿಸಿ ತೆಗೆದು, ಅಲ್ಲಿಗೆ ಅದಕ್ಕಿಂತ ಗಿಡ್ಡವಾಗಿ ಬಸುರಿಯರ ಪ್ಯಾಂಟಿನ ಸೊಂಟಕ್ಕೆ ಹಾಕುವ ಮೆತ್ತನೆ ಎಲಾಸ್ಟಿಕ್ ಕೂರಿಸಿ, ಮೇಲೆ ಅದೇ ಬಣ್ಣದ ಬಟ್ಟೆ ಸುತ್ತಿ, ಒಳಗಿಂದ ಹೊಲಿಗೆ ಹಾಕಿದಳು. ತಂಗಿಯ ಕೋಶ ಹಾಕಿಸಿಕೊಂಡ ಮೇಲೆ ಹಾಕಿದ ಮೊದಲ ಹೊಲಿಗೆ ಅದು. ತಿರುಗಿಸಿ ಮುರುಗಿಸಿ ನೋಡಿದಳು. ಹೊಲಿಗೆ ಎಲ್ಲಿದೆಯೆಂದು ಅವಳೇ ಹುಡುಕಬೇಕಾಯಿತು. ಕೈ ಮರೆತಿಲ್ಲವೆಂಬ ಸಂತೋಷದಲ್ಲಿ ಆ ದಿನ ಎರಡು ಸಲ ಊಟ ಮಾಡಿದಳು.

ಆರನೆಯ ವಾರ ದೋಣಿ ಮುಳುಗಿತು.

ಮುಳುಗಿತೆಂದರೆ ಅಲೆ ತಳ ಬಿಟ್ಟು ಮೇಲೇಳಲಿಲ್ಲ. ಅಕ್ಕ ನಾಲ್ಕೆಣಿಸಿ ಎಳೆದುಕೊಂಡಳು, ಆರೆಣಿಸಿ ಬಿಟ್ಟಳು; ದೋಣಿ ತೊಟ್ಟಿಯ ನೀರಿನಲ್ಲಿ ಬಿದ್ದ ಎಲೆಯ ಹಾಗೆ ಇದ್ದಲ್ಲೇ ಇತ್ತು. ಮೇಷ್ಟ್ರು ಟ್ಯಾಬ್ಲೆಟ್ಟನ್ನು ಆರಿಸಿ ಹಚ್ಚಿದರು, ಡಬ್ಬಿಗೆ ಹೊಸ ಬ್ಯಾಟರಿ ಹಾಕಿದರು, ಬೆಲ್ಟನ್ನು ಹಿಂದೆ ಮುಂದೆ ನೋಡಿ ಎಲ್ಲೂ ಹರಿದಿಲ್ಲವೆಂದು ತೃಪ್ತಿಪಟ್ಟರು. ಆಮೇಲೆ ತಲೆ ಕೆರೆದುಕೊಂಡು, ಕಿವಿಯ ಕ್ಲಿಪ್ಪು ಎಲ್ಲ ಸರಿಯಾಗಿದೆ ಅನ್ನುತ್ತಿದೆ, ಎದೆಯ ಬೆಲ್ಟು ಇಲ್ಲ ಅನ್ನುತ್ತಿದೆ, ಇಂಥದ್ದನ್ನು ತಾನು ನೋಡಿಲ್ಲ ಎಂದು ಒಪ್ಪಿಕೊಂಡರು.

"ನಾಲ್ಕೈದು ದಿನದಿಂದ ಏನಾದ್ರೂ ಬದಲಾವಣೆ ಮಾಡಿದ್ರಾ ಅಮ್ಮಾ?" ಎಂದು ಕೇಳಿದರು. "ಊಟ, ಮಾತ್ರೆ, ನಿದ್ದೆ, ಏನೇ ಆಗ್ಲಿ."

"ಏನೂ ಇಲ್ವಲ್ಲ," ಎಂದಳು ಅಕ್ಕ. ಅವಳು ಸುಳ್ಳು ಹೇಳುವವಳಲ್ಲ. ಬದಲಾವಣೆ ಎಂದರೆ ಅವಳ ಮಟ್ಟಿಗೆ ಬೇರೆ. ಮಾಡಿದ್ದು ಫಿಟ್ಟಿಂಗ್.

ಏಳನೆಯ ವಾರವೂ ಅದೇ ಕಥೆಯಾದಾಗ ವಿಷಯ ದೊಡ್ಡ ಡಾಕ್ಟರ ಬಳಿಗೆ ಹೋಯಿತು. ಅವರು ಕನ್ನಡಕವನ್ನು ಹಣೆಗೇರಿಸಿ ನಿಧಾನವಾಗಿ ಹೇಳಿದ್ದರ ಸಾರಾಂಶ ಇಷ್ಟು: ರೋಗ ಮರಳಿದ ಲಕ್ಷಣ ರಕ್ತದಲ್ಲಿ ಇಲ್ಲ. ಆದರೆ ಬೇರೆಯವರ ಕೋಶ ಹಾಕಿಸಿಕೊಂಡವರಲ್ಲಿ ಒಮ್ಮೊಮ್ಮೆ, ಆ ಕೋಶಗಳು ಹೊಸ ಮನೆಯ ಶ್ವಾಸಕೋಶವನ್ನು ಪರಕೀಯವೆಂದು ತಿಳಿದು ಅದರ ಮೇಲೆ ಜಗಳಕ್ಕೆ ನಿಲ್ಲುವುದುಂಟು. ಹಾಗಾದರೆ ಎದೆ ಬಿಗಿಯಾಗುತ್ತದೆ. ಮುಂದಿನ ಗುರುವಾರ ಊದುವ ಪರೀಕ್ಷೆ ಮತ್ತು ಸ್ಕ್ಯಾನ್. ಅಲ್ಲಿಯವರೆಗೆ ಸೈಕಲ್ಲು, ಮೆಟ್ಟಿಲು ಬೇಡ. ಅದೇ ಆಗಿದ್ದರೆ, ಕೋಶ ಹಾಕಿದಾಗ ತಿನ್ನಿಸಿದ್ದ, ಮುಖ ಊದಿಸುವ ಆ ಹಳೆಯ ಮಾತ್ರೆಗಳು ಮತ್ತೆ ಶುರು, ಒಂದು ವರ್ಷವಾದರೂ. ಅಂಗಡಿಯ ಬಗ್ಗೆ ಅವರು ಏನೂ ಹೇಳಲಿಲ್ಲ.

ಅಂದಿನಿಂದ ಅಕ್ಕನ ತಲೆ ಗೊಂದಲದ ಗೂಡಾಯಿತು. ಡಾಕ್ಟರ ಕೋಣೆಗೆ ಹೋಗುವವರೆಗೆ ಅವಳು ಚೆನ್ನಾಗಿದ್ದಳು. ಹಾಗೆಂದು ಅವಳ ಕಾಲು ಹೇಳುತ್ತಿತ್ತು, ಹೊಟ್ಟೆ ಹೇಳುತ್ತಿತ್ತು. ಹೊರಗೆ ಬಂದು ಬಸ್ಸಿನ ಮೆಟ್ಟಿಲು ಹತ್ತುವಾಗ ಏದುಸಿರು ಬಂತು. ಮಾರನೆಯ ದಿನ ಹಾಸಿಗೆ ಮಡಚುವಾಗ ಬಂತು. ಮೂರನೆಯ ದಿನ ಸುಮ್ಮನೆ ಕುಳಿತು ಬರುತ್ತದೋ ಇಲ್ಲವೋ ಎಂದು ಕಾದಳು, ಬಂತು. ಇಷ್ಟು ದಿನ ಚೆನ್ನಾಗಿದ್ದೆನೆಂದುಕೊಂಡದ್ದು ಭ್ರಮೆಯೋ? ಇಲ್ಲ, ಈಗ ಬರುವ ಏದುಸಿರು ಭ್ರಮೆಯೋ? ಎರಡೂ ನಿಜವಾದರೆ ನಡುವೆ ಕುಳಿತಿರುವ ತಾನು ಯಾರು? ದೋಣಿ ನೋಡಿ ಉಸಿರಾಡಿ ಅಭ್ಯಾಸವಾಗಿ, ದೋಣಿ ಏಳದಿದ್ದರೆ ಉಸಿರಾಡಿದ್ದೇನೆಯೇ ಇಲ್ಲವೇ ಎಂಬುದೇ ಗೊತ್ತಾಗುತ್ತಿರಲಿಲ್ಲ.

ಗಂಡ ಊಟದ ತಟ್ಟೆಯ ಮುಂದೆ ತನ್ನ ಕಸುಬಿನ ಸಮಾಧಾನ ಹೇಳಿದ. "ನಮ್ಮ ಲಿಫ್ಟುಗಳೂ ಹೀಗೇ. ಒಳಗೆ ಒಂದು ನರಪಿಳ್ಳೆ ಇರಲ್ಲ, ಓವರ್‌ಲೋಡ್ ಅಂತ ಬಡ್ಕೊಳ್ಳುತ್ತೆ. ಆಗ ನಾವು ಲಿಫ್ಟಿಗೆ ಬೈಯಲ್ಲ. ತೂಕ ನೋಡೋ ಪ್ಲೇಟನ್ನ ಬಿಚ್ಚಿ ನೋಡ್ತೀವಿ."

"ನಾನು ಲಿಫ್ಟ್ ಏನ್ರೀ?"

ಗಂಡ ಅಲ್ಲವೆಂದು ಒಪ್ಪಿಕೊಂಡು ಸಾರು ಬಡಿಸಿಕೊಂಡ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವನು ಸರಿಯಾಗಿ ಹೇಳಿದ ಒಂದು ಮಾತು ಹೀಗೆ ಸಾರಿನಲ್ಲಿ ಕಲಸಿಹೋಯಿತು.

ಭಾನುವಾರ ತಂಗಿ ಬಂದಳು. ಬಂದವಳು ಬಾಗಿಲಲ್ಲೇ ಅಕ್ಕನನ್ನು ಮೂದಲಿಸಲಿಲ್ಲ, ಗೋಡೆಯ ಕ್ಯಾಲೆಂಡರ್ ಓರೆಯಾಗಿದೆ ಅನ್ನಲಿಲ್ಲ. ಕುರ್ಚಿಯ ತುದಿಯಲ್ಲಿ ಕುಳಿತು ಕೈಚೀಲದ ಹಿಡಿಯನ್ನು ತಿರುಚತೊಡಗಿದಳು. ಅಕ್ಕನಿಗೆ ಅದೇ ಹೆದರಿಕೆಯಾಯಿತು.

"ನಾನೇ ಕಣಕ್ಕ," ಎಂದಳು ತಂಗಿ ಕೊನೆಗೆ.

"ಏನೇ ನೀನೇ?"

"ನಿನ್ನ ಎದೆಯಲ್ಲಿ ಕೂತು ಜಗಳ ಆಡ್ತಿರೋಳು. ಸಣ್ಣವಳಿದ್ದಾಗಿಂದ ನಿನ್ನ ಕಂಡ್ರೆ ನನಗೆ ಹೊಟ್ಟೆಕಿಚ್ಚು, ನಿನಗೂ ಗೊತ್ತು. ಒಂದೇ ಹೊದಿಕೆಯಲ್ಲಿ ಮಲಗ್ತಿದ್ವಲ್ಲ, ನೀನು ನಿದ್ದೆ ಮಾಡಿದ್ಮೇಲೆ ಪೂರ್ತಿ ಎಳ್ಕೊಳ್ತಿದ್ದೆ. ಆ ಬುದ್ಧಿ ಎಲ್ಲಿಗೆ ಹೋಗುತ್ತೆ? ಮೂಳೆ ಒಳಗೇ ಇತ್ತು. ಅದನ್ನೇ ನಿನಗೆ ಕೊಟ್ಟೆ."

ಅಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೊದಿಕೆಯ ವಿಷಯ ಅವಳಿಗೆ ಆಗಲೇ ಗೊತ್ತಿತ್ತು. ನಿದ್ದೆ ಬಂದವಳ ಹಾಗೆ ನಟಿಸುತ್ತಿದ್ದದ್ದೇ ಅದಕ್ಕೆ, ತಂಗಿಗೆ ಚಳಿ ಜಾಸ್ತಿ. ಅದನ್ನು ಈಗ ಹೇಳಿದರೆ ಅತ್ತೇ ಬಿಡುತ್ತಾಳೆಂದು ಹೇಳಲಿಲ್ಲ. ಹೊಟ್ಟೆಕಿಚ್ಚು ಮೂಳೆಯಲ್ಲಿ ಇರುವುದಿಲ್ಲ, ಬೇಕಾದರೆ ಡಾಕ್ಟರನ್ನು ಕೇಳೋಣ ಎಂದಷ್ಟೇ ಹೇಳಿದಳು. ತಂಗಿ ಬುಧವಾರ ರಜೆ ಹಾಕಿ ಬರುತ್ತೇನೆ, ಗುರುವಾರ ತಾನೇ ಕರೆದುಕೊಂಡು ಹೋಗುತ್ತೇನೆ ಎಂದು ಹೋದಳು. ಹೋಗುವಾಗಲೂ ಕ್ಯಾಲೆಂಡರ್ ನೋಡಲಿಲ್ಲ.

ಬುಧವಾರ ಮಧ್ಯಾಹ್ನ. ಸ್ಕ್ಯಾನಿನ ಕೋಣೆ ತಣ್ಣಗಿರುತ್ತದೆ, ಬೆಚ್ಚಗೆ ಏನಾದರೂ ಹಾಕಿಕೊಂಡು ಬನ್ನಿ ಎಂದು ಆಸ್ಪತ್ರೆಯವರು ಹೇಳಿದ್ದರು. ಅಕ್ಕ ತನ್ನ ಉಣ್ಣೆಯ ಕೋಟು ಹೊರಗೆ ತೆಗೆದಳು. ಕಾಯಿಲೆಯಲ್ಲಿದ್ದಾಗ ಮೂರು ಸಲ ಒಳಗೆ ಹಿಡಿದ ಕೋಟು. ಎದೆಯ ಗುಂಡಿ ಹಾಕಲು ಹೋದರೆ ಎರಡು ಬದಿ ಸೇರಲೇ ಇಲ್ಲ.

ಅವಳು ಅಲ್ಲೇ ನಿಂತಳು. ಎದೆ ಬಿಗಿಯುತ್ತಿದೆ ಎಂದಿದ್ದರು. ಬಿಗಿಯುತ್ತಿರುವುದು ಕೋಟು.

"ಏ, ಆ ಟೇಪು ತಗೊಂಡು ಬಾ," ಎಂದಳು.

ತಂಗಿಗೆ ಟೇಪು ಹಿಡಿಯಲು ಬರುವುದಿಲ್ಲ. ಅವಳು ಹಿಡಿದ ರೀತಿಗೆ ಅಕ್ಕ ಎರಡು ಸಲ ಬೈದು, ಕಂಕುಳ ಕೆಳಗಿಂದ ಬೆನ್ನ ಮೇಲೆ ನೇರವಾಗಿ ತರಿಸಿದಳು. ಉಸಿರು ಪೂರ್ತಿ ಬಿಟ್ಟಳು. ಮೂವತ್ತೆರಡೂವರೆ ಎಂದಳು ತಂಗಿ. ನಾಲ್ಕೆಣಿಸಿ ಎಳೆದುಕೊಂಡಳು. ಮೂವತ್ತೈದಕ್ಕೆ ಕಾಲಿಂಚು ಕಡಿಮೆ.

ಎರಡೂಕಾಲು ಇಂಚು. ಅಕ್ಕ ಟೇಪು ಕಿತ್ತುಕೊಂಡು ತಂಗಿಯ ಎದೆಗೆ ಸುತ್ತಿದಳು. ಊದಿಸಿದಳು, ಎಳೆಸಿದಳು. ಒಂದೂಮುಕ್ಕಾಲು.

"ನಿನಗಿಂತ ಅರ್ಧ ಇಂಚು ಜಾಸ್ತಿ ಇದ್ದೀನಲ್ಲೇ."

"ನಿನ್ನ ಟೇಪು ಹಳೇದು ಕಣಕ್ಕ, ಎಳೆದು ಎಳೆದು ಉದ್ದ ಆಗಿರುತ್ತೆ."

ಟೇಪಿನ ಬಗ್ಗೆ ಮಾತಾಡಿದರೆ ಅಕ್ಕ ಸಹಿಸುವವಳಲ್ಲ. ಹಳೆಯದೇ ಆದರೆ ಇಬ್ಬರಿಗೂ ಹಳೆಯದೇ ಎಂದು ಬಾಯಿ ಮುಚ್ಚಿಸಿ, ಬೆಲ್ಟನ್ನು ತಂದು ಕಟ್ಟಿಕೊಂಡು, ಅದರ ಮೇಲೆಯೇ ಟೇಪು ಸುತ್ತಿಸಿಕೊಂಡು, ದೋಣಿಯ ಮುಂದೆ ಕುಳಿತಳು. ಎಳೆದುಕೊಂಡಳು. ಟೇಪು ಎರಡೂಕಾಲು ಇಂಚು ಸರಿಯಿತು, ದೋಣಿ ಅಲುಗಲಿಲ್ಲ. ಮತ್ತೊಮ್ಮೆ. ಅದೇ. ಹಾಗಾದರೆ ನಡುವಿನ ಆ ಎರಡೂಕಾಲು ಇಂಚು ಎಲ್ಲಿಗೆ ಹೋಗುತ್ತಿದೆ? ಬಟ್ಟೆಯಲ್ಲಿ ಅಳತೆ ಕಾಣೆಯಾದರೆ ಎಲ್ಲಾದರೂ ಮಡಿಕೆಯಲ್ಲಿ ಇರಲೇಬೇಕು. ಉಸಿರಾಡುತ್ತಲೇ ಬೆರಳನ್ನು ಬೆಲ್ಟಿನ ಸುತ್ತ ಆಡಿಸುತ್ತ ಬಂದಳು. ಮುಂದೆ ಗಡುಸು. ಡಬ್ಬಿಯ ಪಕ್ಕದ ಪಟ್ಟಿ ಇದ್ದಲ್ಲೇ ಇದೆ. ಬಲಗಡೆ ಗಡುಸು. ಎಡಕಂಕುಳ ಕೆಳಗೆ ಅವಳ ಸ್ವಂತ ಕೈಯ ಮೆತ್ತನೆ ಎಲಾಸ್ಟಿಕ್, ಪ್ರತಿ ಉಸಿರಿಗೂ ಹಿಗ್ಗಿ ದಾರಿ ಮಾಡಿಕೊಡುತ್ತ, ಇಡೀ ಉಸಿರನ್ನು ತಾನೊಂದೇ ನುಂಗಿ, ಡಬ್ಬಿಯವರೆಗೆ ಒಂದು ತುಣುಕನ್ನೂ ಬಿಡದೆ ಕುಳಿತಿತ್ತು.

ಅಕ್ಕ ಬೆಲ್ಟು ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು.

"ಏನಾಯ್ತು?" ಎಂದಳು ತಂಗಿ.

"ನಾನೇ ಕಣೇ."

ಹೇಳಿ ಮುಗಿಸಲು ಐದು ನಿಮಿಷ ಹಿಡಿಯಿತು. ತಂಗಿ ಬೆಲ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ಹೊಲಿಗೆ ಹುಡುಕಿದಳು, ಸಿಗಲಿಲ್ಲ, ಅಕ್ಕ ಬೆರಳಿಟ್ಟು ತೋರಿಸಬೇಕಾಯಿತು. ಆಮೇಲೆ ತಂಗಿ ಒಂದು ವಾರದಿಂದ ಬಾಕಿಯಿದ್ದ ಬೈಗುಳವನ್ನೆಲ್ಲ ಒಂದೇ ಸಲ ತೀರಿಸಿದಳು. ತಾನು ರಾತ್ರಿಯೆಲ್ಲ ತನ್ನ ಮೂಳೆಗಳಿಗೆ ಬುದ್ಧಿ ಹೇಳುತ್ತ ಮಲಗಿದ್ದೆ, ಆಫೀಸಿನಲ್ಲಿ ನಾಲ್ಕು ಮಕ್ಕಳ ಜನ್ಮದಿನಾಂಕ ತಪ್ಪು ಬರೆದೆ, ಎಲ್ಲ ಇವಳ ಈ ದರಿದ್ರ ನಾಜೂಕಿನಿಂದ. ಕ್ಯಾಲೆಂಡರ್ ಓರೆಯಾಗಿರುವ ವಿಷಯವೂ ಅದರಲ್ಲೇ ಬಂತು. ಅಕ್ಕನಿಗೆ ಕೇಳಲು ಹಿತವಾಗಿತ್ತು. ಆದರೆ ಬೈದು ಸುಸ್ತಾದ ತಂಗಿ ತಟ್ಟನೆ ನಿಲ್ಲಿಸಿ ಕೇಳಿದಳು:

"ಹಾಗಾದ್ರೆ ಆ ಏದುಸಿರು?"

ಬೆಲ್ಟು ಸುಳ್ಳು ಹೇಳಿತ್ತು, ಸರಿ. ಬಸ್ಸಿನ ಮೆಟ್ಟಿಲಿಗೆ ಬೆಲ್ಟು ಕಟ್ಟಿಕೊಂಡು ಹೋಗಿರಲಿಲ್ಲವಲ್ಲ. ಆದ್ದರಿಂದ ಇಬ್ಬರೂ ಗುರುವಾರ ಆಸ್ಪತ್ರೆಗೆ ಹೋದದ್ದು ಅರ್ಧ ಧೈರ್ಯದಲ್ಲೇ.

ಊದುವ ಪರೀಕ್ಷೆಯವಳು ಮೂಗಿಗೆ ಕ್ಲಿಪ್ಪು ಹಾಕಿ, ಬಾಯಿಗೆ ಕೊಳವೆ ಕೊಟ್ಟು, ಊದಿ ಊದಿ ಊದಿ ಇನ್ನೂ ಊದಿ ಎಂದು ಅಕ್ಕನಿಗಿಂತ ತಾನೇ ಹೆಚ್ಚು ಕೆಂಪಗಾದಳು. ಮೂರು ಸಲ ಊದಿಸಿ, ಇರಬೇಕಾದ್ದರಲ್ಲಿ ನೂರಕ್ಕೆ ತೊಂಬತ್ತೊಂದು ಎಂದು ಬರೆದಳು. ಸ್ಕ್ಯಾನೂ ಸ್ವಚ್ಛವಾಗಿತ್ತು. ದೊಡ್ಡ ಡಾಕ್ಟರು ಎರಡನ್ನೂ ನೋಡಿ, ಬೆಲ್ಟಿನ ಕಥೆ ಕೇಳಿ, ಕನ್ನಡಕ ಇಳಿಸಿ ಒರೆಸಿಕೊಂಡು, ಮಾತ್ರೆ ಬೇಡ, ತಂಗಿಯ ಕೋಶಗಳು ಸಭ್ಯವಾಗಿಯೇ ಇವೆ, ತರಗತಿ ಮುಂದುವರಿಯಲಿ ಎಂದರು. ಹಾಳಾದ ಎರಡು ವಾರ ಕೊನೆಗೆ ಸೇರಿಸಬೇಕು, ಆಮೇಲೆ ಅಂಗಡಿ, ಮೊದಮೊದಲು ಅರ್ಧ ದಿನ. ಸಭ್ಯವೆಂದು ಡಾಕ್ಟರೇ ಹೇಳಿದ್ದನ್ನು ತಂಗಿ ಅಕ್ಕನ ಕಡೆ ತಿರುಗಿ ಕಣ್ಣಲ್ಲೇ ದಾಖಲಿಸಿದಳು.

ಉಸಿರಿನ ಮೇಷ್ಟ್ರ ಮುಂದೆ ಮಾತ್ರ ಅಕ್ಕನ ಮುಖ ಹುಳ್ಳಗಾಯಿತು. ಅವರು ಬೆಲ್ಟಿನ ಹೊಲಿಗೆಯನ್ನು ಉಗುರಿನಿಂದ ಕೆರೆದು ನೋಡಿ, ಏನಾದರೂ ಬದಲಾಯಿಸಿದಿರಾ ಎಂದು ತಾನು ಕೇಳಿದ್ದೆನಲ್ಲ ಎಂದರು. ಬದಲಾಯಿಸಿಲ್ಲವಲ್ಲ, ಫಿಟ್ಟಿಂಗ್ ಸರಿ ಮಾಡಿದೆ ಎಂದು ಹೇಳಲು ಬಾಯಿ ತೆರೆದು, ಆ ಮಾತು ಹೇಗೆ ಕೇಳಿಸುತ್ತದೆಂದು ಮೊದಲ ಬಾರಿಗೆ ತನಗೇ ಕೇಳಿಸಿ, ಅಕ್ಕ ಬಾಯಿ ಮುಚ್ಚಿದಳು. ಬೇರೆ ಬೆಲ್ಟು ಬಂತು. ಸಣ್ಣ ಅಳತೆಯದು ಕಪಾಟಿನಲ್ಲಿ ಮೊದಲಿಂದಲೂ ಇತ್ತಂತೆ, ಕೇಳಿದ್ದರೆ ಸಾಕಿತ್ತು. ಎಳೆದುಕೊಂಡಳು. ದೋಣಿ ಪರದೆಯ ಮೇಲಂಚಿಗೆ ಮುಟ್ಟಿತು.

ಇನ್ನುಳಿದದ್ದು ವಾರದ ಫಾರಂ. 'ಕಳೆದ ವಾರ ಉಸಿರಾಟದ ತೊಂದರೆ ಎಷ್ಟಿತ್ತು?' ಇರಲೇ ಇಲ್ಲ, ಸ್ವಲ್ಪ, ಸಾಕಷ್ಟು, ತುಂಬಾ. ಅಕ್ಕ 'ತುಂಬಾ' ಎಂಬ ಚೌಕಕ್ಕೆ ಗುರುತು ಹಾಕಿದಳು.

"ಅಮ್ಮಾ, ಅದು ಬೆಲ್ಟಿನ ತಪ್ಪಲ್ವಾ?" ಎಂದರು ಮೇಷ್ಟ್ರು. "ನಿಮಗೆ ತೊಂದರೆ ಇರಲಿಲ್ವಲ್ಲ."

"ಇತ್ತು."

"ಶ್ವಾಸಕೋಶ ಚೆನ್ನಾಗಿದೆ."

"ಅದು ಚೆನ್ನಾಗೇ ಇತ್ತು. ತೊಂದರೆನೂ ಇತ್ತು."

ಮೇಷ್ಟ್ರು ಆ ಗುರುತನ್ನು ಹೊಡೆದುಹಾಕಲು ಪೆನ್ನೆತ್ತಿದರು, ಮತ್ತೆ ಇಳಿಸಿದರು. ಫಾರಂ ಹಾಗೇ ಫೈಲಿಗೆ ಹೋಯಿತು. ಏಳುವಾಗ ಅಕ್ಕ ಅವರ ಕೋಟಿನ ಎಡತೋಳನ್ನು ನೋಡಿದಳು, ನಾಲಗೆಯ ತುದಿಗೆ ಬಂದದ್ದನ್ನು ನುಂಗಿದಳು. ಇನ್ನು ಮೇಲೆ ಕೇಳದೆ ಯಾರದ್ದನ್ನೂ ಮುಟ್ಟಬಾರದೆಂದು ಆ ಬೆಳಿಗ್ಗೆಯೇ ತೀರ್ಮಾನಿಸಿದ್ದಳು. ಆ ತೀರ್ಮಾನ ಎಷ್ಟು ದಿನ ಬಾಳುತ್ತದೆಂದು ತಂಗಿಗೆ ಅನುಮಾನ.

ರಿಪೋರ್ಟಿನ ಪ್ರತಿ ಕೊಡುವ ಕೌಂಟರು ಮೂರನೆಯ ಮಹಡಿಯಲ್ಲಿ. ಲಿಫ್ಟಿನ ಮುಂದೆ ಜನವೋ ಜನ. ಅಕ್ಕ ಮೆಟ್ಟಿಲ ಕಡೆ ತಿರುಗಿದಳು; ತಂಗಿ ಗೊಣಗುತ್ತ ಹಿಂದೆ ಬಂದಳು. ಎರಡನೆಯ ಮಹಡಿಯ ತಿರುವಿನಲ್ಲಿ ಇಬ್ಬರೂ ಕಂಬಿ ಹಿಡಿದು ನಿಂತರು. ಅಕ್ಕನಿಗೆ ಏದುಸಿರು ಬಂದಿತ್ತು. ಇದು ಮೆಟ್ಟಿಲಿನದೋ, ಕಳೆದ ವಾರದ ಹೆದರಿಕೆಯ ಉಳಿಕೆಯೋ, ಏನಾದರೂ ಬೇರೆಯೋ? ಎದುರಿಗೆ ದೋಣಿಯಿರಲಿಲ್ಲ, ಕೈಯಲ್ಲಿ ಟೇಪಿರಲಿಲ್ಲ. ತಂಗಿಯ ಕಡೆ ನೋಡಿದಳು. ತಂಗಿ ಅವಳಿಗಿಂತ ಜೋರಾಗಿ ಏದುತ್ತಿದ್ದಳು.

"ನಿನಗ್ಯಾಕೆ?" ಎಂದಳು ಅಕ್ಕ.

"ನನ್ನ ರಕ್ತ ಎಲ್ಲ... ನಿನ್ನ ಹತ್ರ ಇದೆಯಲ್ಲ," ಎಂದಳು ತಂಗಿ, ಎರಡು ಉಸಿರಿನಲ್ಲಿ.

ಅಕ್ಕ ಆರೆಣಿಸಿ ಉಸಿರು ಬಿಟ್ಟಳು. "ನಾನೀಗ ಹುಷಾರಾಗಿದ್ದೀನೇನೇ?"

ತಂಗಿ ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಹೊಲಿಗೆ ಹುಡುಕುವವಳ ಹಾಗೆ.

"ನನಗೇನು ಗೊತ್ತು? ಇನ್ನೊಂದು ಮಹಡಿ ಇದೆ. ಹತ್ತಿ ನೋಡೋಣ ಬಾ," ಎಂದು ಕೈಚೀಲವನ್ನು ಅಕ್ಕನ ಕೈಗೆ ಕೊಟ್ಟು ಮುಂದೆ ಹೊರಟಳು. ಕೈಚೀಲ ಭಾರವಾಗಿತ್ತು. ಅಕ್ಕ ಅದನ್ನು ಹಿಡಿದುಕೊಂಡು, ಬೈಯುತ್ತ, ಹತ್ತಿದಳು.